ಬತ್ತೀನಿ ಎಂದು ಹೋದವಳು

ಆಷಾಢದಲ್ಲಿ ಮದುವೆಗಳಿಲ್ಲದ್ದರಿಂದ ಹೊಳೆನರಸೀಪುರದ ಹೊರಗಿನ ಒಂದು ಕಲ್ಯಾಣ ಮಂಟಪ ನಮ್ಮ ಸೈಕಲ್ ಶಿಬಿರಕ್ಕೆ ಸಿಕ್ಕಿತು. ಗಂಡಸರು ‘ವರನ ಕೊಠಡಿ’ಯಲ್ಲಿ ಮಲಗಿದರು, ಹೆಂಗಸರಾದ ನಾವು ಮೂವರು ‘ವಧುವಿನ ಕೊಠಡಿ’ಯಲ್ಲಿ. ಹೆಣ್ಣು-ಗಂಡು ಕೂರುವ ಕೆಂಪು ರೆಕ್ಸಿನ್ನಿನ ದೊಡ್ಡ ಕುರ್ಚಿಗಳಿಗೆ ಸೈಕಲ್ಲುಗಳನ್ನು ಒರಗಿಸಿದ್ದೆವು. ವೇದಿಕೆಯ ಗೋಡೆಯ ಮೇಲೆ ಹಿಂದಿನ ಮದುವೆಯ ಥರ್ಮೊಕೋಲ್ ಅಕ್ಷರಗಳು ಅರ್ಧ ಉಳಿದಿದ್ದವು. ಹೆಣ್ಣಿನ ಹೆಸರು ಉದುರಿಹೋಗಿ ಗಂಡಿನ ಹೆಸರಿನ ಬಾಲ ಮಾತ್ರ ಅಂಟಿಕೊಂಡಿತ್ತು.

ಇದನ್ನು ಬರೆದ ಕೂಡಲೇ ಅನುಮಾನ ಬಂತು. ಆ ಅಕ್ಷರಗಳನ್ನು ನಾನು ನೋಡಿದ್ದು ಶಿಬಿರದಲ್ಲೋ, ಆಮೇಲೆ ಅದೇ ಮಂಟಪಕ್ಕೆ ಮದುವೆಯೂಟಕ್ಕೆ ಹೋದಾಗಲೋ? ನಾದಿನಿಗೆ ಫೋನ್ ಮಾಡಿ ಕೇಳಿದೆ. ಅಕ್ಷರಗಳೇ ಇರಲಿಲ್ಲ ಎಂದಳು. ಕೆಂಪು ಕುರ್ಚಿಗಳನ್ನು ಇಬ್ಬರೂ ಒಪ್ಪಿದೆವು. ಹಾಗಾಗಿ ಕುರ್ಚಿಗಳು ಇದ್ದವು ಎಂದು ಇಟ್ಟುಕೊಳ್ಳಿ. ಅಕ್ಷರಗಳನ್ನು ಅಳಿಸಲು ನನಗೆ ಮನಸ್ಸಿಲ್ಲ, ಆದರೆ ಅವನ್ನು ನಂಬಬೇಡಿ.

ನಾದಿನಿಯೆಂದರೆ ನನ್ನ ಗಂಡನ ತಂಗಿ. ಅರಕಲಗೂಡಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಚಿಕ್ಕವಳು. ನಾನು ಹಾಸನದಲ್ಲಿ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ನಲವತ್ತು ದಾಟಿದ ಮೇಲೆ ಶುಗರ್ ಕಾಣಿಸಿಕೊಂಡಾಗ ಡಾಕ್ಟರು ವಾಕಿಂಗ್ ಹೇಳಿದರು. ವಾಕಿಂಗು ಮುದುಕರಿಗೆ ಎಂದು ನಾದಿನಿ ತನ್ನ ಹಳೆಯ ಗೇರ್ ಸೈಕಲ್ಲನ್ನು ತಂದು ನಮ್ಮ ಮನೆಯ ಗೇಟಿನೊಳಗೆ ನಿಲ್ಲಿಸಿ ಹೋದಳು. ಮೊದಮೊದಲು ಬೀದಿಯ ಕೊನೆಯವರೆಗೆ ಹೋಗಿ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಸೀಗೆಗುಡ್ಡದವರೆಗೆ, ಆಮೇಲೆ ಗೊರೂರಿನವರೆಗೆ. ಭಾನುವಾರ ಬಂತೆಂದರೆ ಇಬ್ಬರೂ ಮಣ್ಣುದಾರಿ ಹುಡುಕಿಕೊಂಡು ಹೊರಟುಬಿಡುತ್ತಿದ್ದೆವು. ನಮ್ಮ ನೆಂಟರಲ್ಲಿ ಅತ್ತಿಗೆ-ನಾದಿನಿ ಒಂದೇ ಆಟೋದಲ್ಲಿ ಕೂತು ಬಂದರೂ ಸುದ್ದಿಯಾಗುತ್ತದೆ. ಒಟ್ಟಿಗೆ ಸೈಕಲ್ ತುಳಿಯುವವರಂತೂ ಎಲ್ಲಿಯೂ ಇರಲಿಲ್ಲ. ನಾವು ರೇಸಿಗೆ ಹೆಸರು ಕೊಟ್ಟಿದ್ದೇವೆ ಎಂದು ಗೊತ್ತಾದಾಗ ನಮ್ಮ ಅತ್ತೆ ಊರಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದರು.

ರೇಸು ಹಲವು ದಿನ ನಡೆಯುವಂಥದ್ದು. ದಿನಕ್ಕೊಂದು ಹಂತ, ಎಲ್ಲವೂ ಗುಡ್ಡ ಮತ್ತು ಮಣ್ಣುದಾರಿ, ಕೊನೆಗೆ ಎಲ್ಲ ಹಂತಗಳ ಸಮಯವನ್ನು ಕೂಡಿಸುತ್ತಾರೆ. ಒಬ್ಬರೇ ಹೋಗುವಂತಿಲ್ಲ, ಇಬ್ಬರ ಜೋಡಿಯೇ ಆಗಬೇಕು. ಜೋಡಿಯಲ್ಲಿ ಒಬ್ಬರು ಎರಡು ನಿಮಿಷಕ್ಕಿಂತ ಹಿಂದೆ ಬಿದ್ದರೆ ಇಬ್ಬರಿಗೂ ದಂಡ. ಒಬ್ಬರು ಕೈಬಿಟ್ಟರೆ ಇಬ್ಬರೂ ಹೊರಗೆ. ಆ ರೇಸಿಗೆ ನಾನು ಒಂದು ಸಲ ಹೋಗಬೇಕೆಂದುಕೊಂಡಿದ್ದೆ. ಗೆಲ್ಲುವುದು ತಲೆಯಲ್ಲಿರಲಿಲ್ಲ. ಮೊದಲ ದಿನದಿಂದ ಕೊನೆಯ ದಿನದವರೆಗೆ ತುಳಿದು ಮುಗಿಸಬೇಕಿತ್ತು, ಅಷ್ಟೇ. ಮುಂದಿನ ವರ್ಷ ಮೈ ಹೀಗೇ ಇರುತ್ತದೆ ಎಂಬ ನಂಬಿಕೆ ಇರಲಿಲ್ಲವಾದ್ದರಿಂದ ಈ ವರ್ಷವೇ ಆಗಬೇಕಿತ್ತು.

ಶಿಬಿರದ ಮೊದಲ ದಿನವೇ ಚನ್ನರಾಯಪಟ್ಟಣದಿಂದ ಒಬ್ಬಳು ಬಂದಳು. ಅಪ್ಪನ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುವವಳು, ನಾದಿನಿಯ ವಯಸ್ಸಿನವಳೇ. ಅವಳ ಜೋಡಿಯವಳು ಬಿದ್ದು ಕುತ್ತಿಗೆಯ ಕೆಳಗಿನ ಮೂಳೆ ಮುರಿದುಕೊಂಡಿದ್ದಳು. ಒಂಟಿಯಾಗಿ ಬಂದವಳನ್ನು ತರಬೇತಿ ಕೊಡುವವರು ಸೇರಿಸಿಕೊಂಡರು. ಅವರು ಹಾಸನದಲ್ಲಿ ಸೈಕಲ್ ಅಂಗಡಿ ಇಟ್ಟವರು, ಹಿಂದೆ ತಾವೂ ರೇಸುಗಳಲ್ಲಿ ತುಳಿದವರು. ನಾವೆಲ್ಲ ಸಾರ್ ಎನ್ನುತ್ತಿದ್ದೆವು. ಜೋಡಿಗಳ ಕೊನೆಯ ಪಟ್ಟಿಯನ್ನು ಶಿಬಿರ ಮುಗಿಯುವ ಮುಂಚೆ ಕಳಿಸಿದರೆ ಸಾಕು, ಅಲ್ಲಿಯವರೆಗೆ ಯಾರು ಯಾರ ಜೊತೆಗಾದರೂ ತುಳಿದು ನೋಡಿ ಎಂದು ಸಾರ್ ಎಲ್ಲರಿಗೂ ಹೇಳಿದರು. ಎಲ್ಲರಿಗೂ ಹೇಳಿದ್ದು ಯಾರಿಗೆಂದು ನಮ್ಮ ಕೊಠಡಿಯ ಮೂವರಿಗೂ ಗೊತ್ತಾಯಿತು. ಚನ್ನರಾಯಪಟ್ಟಣದವಳು ತನ್ನ ಚೀಲದಿಂದ ನಿಪ್ಪಟ್ಟಿನ ಡಬ್ಬಿ ತೆಗೆದು ನಮಗಿಬ್ಬರಿಗೂ ಹಿಡಿದಳು.

ಆಮೇಲಿನ ದಿನಗಳನ್ನು ನಾನು ಬಿಡಿಸಿ ಹೇಳಲಾರೆ. ಅವು ಒಂದರೊಳಗೊಂದು ಹೊಕ್ಕಿವೆ. ಒಂದು ದಿನ ಬಾಗೂರಿನ ಕಡೆಗೆ ಹೋದೆವು, ಅಲ್ಲಿಂದ ನುಗ್ಗೇಹಳ್ಳಿಗೆ. ತೆಂಗಿನ ತೋಟಗಳ ನಡುವಿನ ಜಲ್ಲಿ ದಾರಿ, ಎದುರಿಗೆ ಆಷಾಢದ ಗಾಳಿ. ಗಾಳಿ ಎಷ್ಟು ಬಲವಾಗಿತ್ತೆಂದರೆ ಇಳಿಜಾರಿನಲ್ಲೂ ತುಳಿಯಬೇಕಾಗಿತ್ತು. ನುಗ್ಗೇಹಳ್ಳಿಯ ಬಸ್ ಸ್ಟಾಪಿನಲ್ಲಿ ಹೆಲ್ಮೆಟ್ಟು, ಬಣ್ಣದ ಅಂಗಿ ಹಾಕಿದ ನಮ್ಮನ್ನು ನೋಡಿದ ಮುದುಕಿಯೊಬ್ಬಳು ಯಾವ ಸರ್ವೇಗೆ ಬಂದಿರಿ ಎಂದು ಕೇಳಿದಳು. ಸರ್ವೇ ಅಲ್ಲ, ಸುಮ್ಮನೆ ಸೈಕಲ್ ತುಳಿಯುತ್ತಿದ್ದೇವೆ ಎಂದೆ. ಸುಮ್ಮನೆಯಾ ಎಂದು ಅವಳು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ನನ್ನ ಮುಖದ ಮೇಲೆ ಹೆಚ್ಚು ಹೊತ್ತು ಕಣ್ಣು ನಿಲ್ಲಿಸಿದಳು. ಅದು ಬಾಗೂರಿನಲ್ಲಿ ನಡೆದದ್ದು ಎಂದು ನಾದಿನಿ ಹೇಳುತ್ತಾಳೆ. ಇರಬಹುದು. ಮುದುಕಿ ನೋಡಿದ ರೀತಿ ಮಾತ್ರ ನನಗೆ ಖಾತ್ರಿ.

ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ದಾರಿಯಲ್ಲಿ ಬಾಳೆಹಣ್ಣು, ಕಡಲೆ ಮಿಠಾಯಿ, ರಾತ್ರಿಗೆ ಮುದ್ದೆ, ಹುರುಳಿಕಾಳಿನ ಸಾರು. ಮದುವೆಯ ಅನ್ನದ ಕೊಳಗಗಳಲ್ಲಿ ಬೆವರಿನ ಬಟ್ಟೆ ನೆನೆಹಾಕುತ್ತಿದ್ದೆವು. ಬಿಸಿಲಿಲ್ಲದ್ದರಿಂದ ಯಾವುದೂ ಒಣಗುತ್ತಿರಲಿಲ್ಲ. ಒದ್ದೆ ಬಟ್ಟೆಯನ್ನೇ ಹಾಕಿಕೊಂಡು ಮತ್ತೆ ಒದ್ದೆಯಾಗುತ್ತಿದ್ದೆವು. ಊಟಕ್ಕೆ ಚಾಪೆಯ ಮೇಲೆ ಕೂತರೆ ಏಳಲು ಕಂಬ ಹಿಡಿಯಬೇಕಿತ್ತು. ನನ್ನ ಪಕ್ಕದಲ್ಲಿ ಕೂತವರಿಗೂ ಹಾಗೇ ಆಗುತ್ತಿದೆಯೇ ಎಂದು ನೋಡುತ್ತಿದ್ದೆ. ನಾದಿನಿ ತಟ್ಟೆ ಕೈಯಲ್ಲಿ ಹಿಡಿದೇ ಎದ್ದುಬಿಡುತ್ತಿದ್ದಳು.

ಏರುಗಳಲ್ಲಿ ಅವಳು ನನಗಾಗಿ ನಿಧಾನ ಮಾಡುತ್ತಿದ್ದಳು. ಮೊದಲೂ ಮಾಡುತ್ತಿದ್ದಳು, ಹಾಸನದ ಭಾನುವಾರಗಳಲ್ಲಿ. ಆಗ ಮಾತಾಡುತ್ತಾ ನಿಧಾನ ಮಾಡುತ್ತಿದ್ದಳು, ನನಗೆ ತಿಳಿಯುತ್ತಿರಲಿಲ್ಲ. ಶಿಬಿರದಲ್ಲಿ ಮಾತಿಲ್ಲದೆ ನಿಧಾನ ಮಾಡಿದಳು. ಮುಂದೆ ಚನ್ನರಾಯಪಟ್ಟಣದವಳ ಹಸಿರು ಅಂಗಿ ಚಿಕ್ಕದಾಗುತ್ತಾ ಹೋಗುವುದನ್ನು ಇಬ್ಬರೂ ನೋಡುತ್ತಿದ್ದೆವು.

ಈಗ ಆ ಮಧ್ಯಾಹ್ನ.

ಹೊಳೆನರಸೀಪುರದಿಂದ ಹೊರಟು ನಾಲೆಯ ಏರಿಯ ಮೇಲೆ ಬಹಳ ದೂರ ಬಂದು, ಅರಕಲಗೂಡು ತಾಲೂಕಿನ ಹೊಗೆಸೊಪ್ಪಿನ ಹೊಲಗಳನ್ನು ದಾಟಿ, ಒಂದು ನೀಲಗಿರಿ ತೋಪಿನೊಳಗೆ ಹತ್ತುತ್ತಿದ್ದೆವು. ತುಂತುರು ಹನಿ ಬೀಳುತ್ತಿತ್ತು. ನಾನು ಗೇರ್ ಬದಲಿಸಿದಾಗ ಟಪ್ ಎಂದು ಚೈನು ಕಿತ್ತುಹೋಯಿತು. ಕಿತ್ತ ಚೈನನ್ನು ಕೂಡಿಸುವ ಲಿಂಕು ನಮ್ಮ ಬಳಿ ಇರಲಿಲ್ಲ. ಹಿಂದಿನ ದಿನವೇ ಖರ್ಚಾಗಿತ್ತು. ಚನ್ನರಾಯಪಟ್ಟಣದವಳ ಚೀಲದಲ್ಲಿತ್ತು, ಅವಳು ಮುಂದೆ ಹೋಗಿದ್ದಳು. ಭಾರ ಕಡಿಮೆಯಿರಲೆಂದು ಸಾರ್ ಜೋಡಿಗೊಂದೇ ಫೋನು ಎಂದಿದ್ದರು. ನಮ್ಮದು ನಾದಿನಿಯ ಬೆನ್ನಿನ ಜೇಬಿನಲ್ಲಿತ್ತು. ನಾದಿನಿ ಇಳಿದು ಚೈನನ್ನು ಕೈಯಲ್ಲಿ ಹಿಡಿದು ನೋಡಿದಳು. ದಾರಿಯ ಮೇಲ್ಗಡೆ ನೋಡಿದಳು. ನನ್ನ ಸೈಕಲ್ಲನ್ನು ಮರಕ್ಕೆ ಒರಗಿಸಿ, ತನ್ನದನ್ನು ಹತ್ತಿ, “ಬತ್ತೀನಿ ಅತ್ತಿಗೆ” ಎಂದು ಹೋದಳು.

ನಾನು ಕೂತು ಕಾದೆ.

ಇಲ್ಲ, ಹೀಗಲ್ಲ. ಇನ್ನೊಂದು ಸಲ. ಚೈನು ಕಿತ್ತಿತು, ನಾದಿನಿ ಇಳಿದಳು, ಹತ್ತಿದಳು, “ಬತ್ತೀನಿ ಇರು ಅತ್ತಿಗೆ” ಎಂದಳು. ಎಷ್ಟೋ ದಿನ ನಾನು ಹೀಗೆಯೇ ಹೇಳಿಕೊಂಡು ಬಂದೆ. ಆ ‘ಇರು’ ನನ್ನ ಕಿವಿಯಲ್ಲಿ ಅವಳದೇ ದನಿಯಲ್ಲಿದೆ. ಆದರೆ ಕಾಯುತ್ತಾ ಕೂತ ಹೊತ್ತಿನಲ್ಲಿ ಅದನ್ನು ನಾನೇ ಮಾಡಿಕೊಂಡಿರಬಹುದು. ಒದ್ದೆಯಾಗಿ ಒಂದು ಕಡೆ ಕೂತವರಿಗೆ ಕೂರಲು ಒಂದು ಕಾರಣ ಬೇಕಾಗುತ್ತದೆ.

ಮೂರನೆಯ ಬಗೆಯೂ ಒಂದಿದೆ: ಅವಳು ಏನೂ ಹೇಳಲಿಲ್ಲ, ಹೋದಳು. ಇದನ್ನು ನಾನು ಒಂದೇ ಒಂದು ಸಲ ಯೋಚಿಸಿದೆ. ನಿಜವಲ್ಲ. ಅವಳು ಹೇಳದೆ ಹೋಗುವವಳಲ್ಲ. ನಮ್ಮ ಕಡೆ ಯಾರೂ ಹಾಗೆ ಹೋಗುವುದಿಲ್ಲ. ಹೊಸಲು ದಾಟುವಾಗ ‘ಹೋಗ್ತೀನಿ’ ಎಂದರೆ ಹಿರಿಯರು ಬಾಯಿ ಮುಚ್ಚಿಸುತ್ತಾರೆ. ಹೊರಡುವವರೆಲ್ಲ ‘ಬತ್ತೀನಿ’ ಎನ್ನಬೇಕು. ಪೇಟೆಗೆ ಹೋಗುವವನೂ ಅದನ್ನೇ ಹೇಳುತ್ತಾನೆ, ಊರು ಬಿಡುವವನೂ ಅದನ್ನೇ ಹೇಳುತ್ತಾನೆ. ಕೇಳಿಸಿಕೊಂಡವರು ಹೊತ್ತು, ಸಂದರ್ಭ, ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ನಾನು ಅವಳ ಮುಖ ನೋಡಿರಲಿಲ್ಲ. ಚೈನು ನೋಡುತ್ತಿದ್ದೆ.

ಲಿಂಕು ತರಲು ಹೋದಳು ಎಂದುಕೊಂಡೆ. ಬೇರೆ ಏನನ್ನೂ ಅಂದುಕೊಳ್ಳಲು ಸಾಧ್ಯವಿರಲಿಲ್ಲ. ನೀಲಗಿರಿ ಮರಗಳ ಕೆಳಗೆ ನೆರಳೂ ಇರುವುದಿಲ್ಲ, ಮಳೆಗೆ ಮರೆಯೂ ಇರುವುದಿಲ್ಲ. ಮೊದಲು ಕಾಲಿಗೆ ಸುಖವೆನಿಸಿತು. ಇಡೀ ಶಿಬಿರದಲ್ಲಿ ಯಾರೂ ನನಗಾಗಿ ನಿಧಾನ ಮಾಡದ ಒಂದು ಹೊತ್ತು ಸಿಕ್ಕಿದೆ ಎನಿಸಿತು. ಆಮೇಲೆ ಚಳಿ ಹತ್ತಿತು. ಎದ್ದು ಓಡಾಡಿದೆ. ಮೊಪೆಡ್ಡಿನ ಮೇಲೆ ಹುಲ್ಲಿನ ಹೊರೆ ಹೇರಿಕೊಂಡು ಬಂದವನೊಬ್ಬ ನಿಲ್ಲಿಸಿ, ಟಾರ್ ರಸ್ತೆ ಕೆಳಗೆ ಹತ್ತಿರದಲ್ಲೇ ಇದೆ, ಅರಕಲಗೂಡಿನ ಬಸ್ಸು ಬರುವ ಹೊತ್ತು ಎಂದು ಹೇಳಿದ. ಬೇಡ, ನಮ್ಮವರು ಬರುತ್ತಾರೆ ಎಂದೆ. ಬಸ್ಸಿನ ಹಾರ್ನ್ ನನಗೂ ಕೇಳಿಸಿತು. ಇಳಿದು ಹೋಗಿದ್ದರೆ ಸಿಗುತ್ತಿತ್ತು. ಆದರೆ ನಾನು ಹೋದ ಮೇಲೆ ಅವಳು ಬಂದರೆ? ಬಂದು ನನ್ನನ್ನು ಕಾಣದೆ ಹುಡುಕಿದರೆ? ಬಿಟ್ಟುಹೋದವಳು ನಾನಾಗುತ್ತಿದ್ದೆ.

ಬೆಳಕು ಬೂದಿಯಾಗುವ ಹೊತ್ತಿಗೆ ಸಾರ್ ಅವರ ಪಿಕಪ್ ಗಾಡಿ ಏರಿಕೊಂಡು ಬಂತು. ಅದರಲ್ಲಿ ಅವರೊಬ್ಬರೇ ಇದ್ದರು. ಅರಕಲಗೂಡಿನ ಟೀ ಅಂಗಡಿಯ ಹತ್ತಿರ ಎಲ್ಲರೂ ಸೇರಿದ್ದರಂತೆ. ಅತ್ತಿಗೆ ಬಸ್ಸಿಗೆ ಬರುತ್ತಾರೆ ಎಂದು ನಾದಿನಿ ಹೇಳಿದ್ದಳಂತೆ. ಬಸ್ಸು ಬಂದು ಹೋದರೂ ನಾನು ಇಳಿಯದೆ ಇದ್ದಾಗ ಅವಳೇ ಗಾಬರಿಯಾಗಿ ಇವರನ್ನು ಕಳಿಸಿದ್ದಳು. ಸೈಕಲ್ ಕೆಟ್ಟವರು ಟಾರ್ ರಸ್ತೆಗೆ ಇಳಿಯಬೇಕೆಂದು ಬೆಳಿಗ್ಗೆಯೇ ಹೇಳಿರಲಿಲ್ಲವೇ ಎಂದು ಸಾರ್ ಕೇಳಿದರು. ಹೇಳಿದ್ದರು. ನಾನು ಹಲ್ಲು ಕಟಕಟಿಸುತ್ತಿದ್ದೆ. ಅವರು ಹೀಟರ್ ಹಾಕಿದರು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಅಂತರದ ಲೆಕ್ಕ: ಚೈನು ಕಿತ್ತಾಗ ಹಸಿರು ಅಂಗಿ ಎಷ್ಟು ಮುಂದಿತ್ತು, ನಾದಿನಿ ಒಬ್ಬಳೇ ಹೋದ ಮೇಲೆ ಅದನ್ನು ಹಿಡಿದಳೋ ಇಲ್ಲವೋ. ಕೇಳಿಯೇಬಿಟ್ಟೆ. ಹಿಡಿದಳು ಎಂದರು ಸಾರ್. ಇಬ್ಬರೂ ಒಟ್ಟಿಗೆ ಬಂದರು, ಗಂಡಸರಿಗಿಂತ ಮುಂಚೆ ಬಂದರು ಎಂದರು. ಆಮೇಲೆ ಹಾಗೆ ಹೇಳಬಾರದಿತ್ತು ಎಂಬಂತೆ ವೈಪರ್ ಜೋರು ಮಾಡಿದರು.

ಮಂಟಪದಲ್ಲಿ ನಾದಿನಿ ಬಾಗಿಲಲ್ಲೇ ನಿಂತಿದ್ದಳು. ಬಿಸಿನೀರು ತೋಡಿಟ್ಟಿದ್ದಳು. ಬೈದಳು, ಬೆನ್ನು ತಿಕ್ಕಿದಳು, ಮತ್ತೆ ಬೈದಳು. ನಾನೂ ಬೈದೆ. ಊಟದ ಹೊತ್ತಿಗೆ ಅದು ಎಲ್ಲರ ತಮಾಷೆಯಾಗಿಬಿಟ್ಟಿತ್ತು. ಹಾಸನದ ಬ್ಯಾಂಕಿನಲ್ಲಿ ಕೆಲಸ ಮಾಡುವ ಸವಾರನೊಬ್ಬ ಶುರುಮಾಡಿದ.

“ಬತ್ತೀನಿ ಅಂದ್ರೆ ಓಗ್ತೀನಿ ಅಂತ ಅಲ್ವಾ ಮೇಡಂ? ನಿಮ್ ಲೈಬ್ರರೀಲಿ ಡಿಕ್ಷನರಿ ಇಲ್ವಾ?”

“ಬತ್ತೀನಿ ಇರು ಅಂದಿದ್ರೆ ಕಾಯ್ಬೇಕು,” ಎಂದಳು ನಾದಿನಿ. “ನಾನು ಬರೀ ಬತ್ತೀನಿ ಅಂದೆ.”

“ಇರು ಅಂದೆ ನೀನು.”

“ಇಲ್ಲ ಕಣ ಅತ್ತಿಗೆ. ಅಂದಿದ್ರೆ ನಂಗೆ ಗ್ಯಾನ ಇರ್ತಿರ್ಲಿಲ್ವಾ?”

ಸಾರು ಬಡಿಸುತ್ತಿದ್ದ ಅಡುಗೆಯವನು ಸೌಟು ಹಿಡಿದು ನಿಂತ. “ನಮ್ಮೋಳು ತೌರಿಗೆ ಓಗುವಾಗ್ಲೂ ಬತ್ತೀನಿ ಅಂದೇ ಓದ್ಲು ಕಣ ಸಾ. ಇನ್ನೂ ಬಂದಿಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕೆ, ನಾದಿನಿಯೂ ನಕ್ಕಳು. ಚನ್ನರಾಯಪಟ್ಟಣದವಳು ನಗಲಿಲ್ಲ. ಮುದ್ದೆ ಮುರಿಯುತ್ತಾ ತಟ್ಟೆಯನ್ನೇ ನೋಡುತ್ತಿದ್ದಳು. ತಮಾಷೆ ಮುಗಿಯಲಿಲ್ಲ, ಒಬ್ಬೊಬ್ಬರೂ ತಮ್ಮ ಮನೆಯ ಒಂದೊಂದು ‘ಬತ್ತೀನಿ’ ತಂದು ಹಾಕಿದರು. ಪದದ ಬಗ್ಗೆ ಮಾತಾಡುವುದು ಎಲ್ಲರಿಗೂ ಸುಲಭವಾಗಿತ್ತು. ಅವಳು ಮುಂದೆ ಹೋದದ್ದು ಲಿಂಕಿಗೋ, ಹಸಿರು ಅಂಗಿಗೋ ಎಂದು ಒಬ್ಬರೂ ಕೇಳಲಿಲ್ಲ.

ಊಟವಾದ ಮೇಲೆ ಚನ್ನರಾಯಪಟ್ಟಣದವಳು ಸೈಕಲ್ ತೊಳೆಯುತ್ತೇನೆಂದು ಹಿತ್ತಲಿಗೆ ಹೋದಳು. ತೊಳೆದ ಸೈಕಲ್ಲನ್ನೇ ಮತ್ತೆ ತೊಳೆಯುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಕೊಠಡಿಯಲ್ಲಿ ನಾದಿನಿ ಗೋಡೆಗೆ ಒರಗಿ ಮೀನಖಂಡಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ವಧುವಿಗೆಂದು ಇಟ್ಟ ಆಳೆತ್ತರದ ಕನ್ನಡಿಯಲ್ಲಿ ನಾವಿಬ್ಬರೂ ಕಾಣುತ್ತಿದ್ದೆವು. ಅವಳನ್ನು ನೋಡದೆ ಕನ್ನಡಿಯ ಕಡೆಗೆ ತಿರುಗಿ ಕೇಳಿದೆ.

“ಅವಳ ಜೊತೆ ಹೋಗ್ಬೇಕು ಅನ್ನಿಸ್ತಿದ್ಯೇನೇ ನಿಂಗೆ?”

“ಯಾರು ಏಳಿದ್ರು?”

“ಯಾರೂ ಹೇಳಿಲ್ಲ.”

ಎಣ್ಣೆ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಾ ಕೂತಳು. “ಅಣ್ಣ ಏನಂತಾನೆ? ಅವ್ವ ಊರೆಲ್ಲ ಏಳ್ಕಂಡು ಬಂದವ್ಳೆ. ಈಗ ಅತ್ತಿಗೆ ಬಿಟ್ಟು ಬ್ಯಾರೇರ್ ಜೊತೆ ಓದ್ಲು ಅಂದ್ರೆ…”

“ಅದನ್ನ ಕೇಳ್ಲಿಲ್ಲ ನಾನು.”

ಮುಚ್ಚಳ ಬಿಗಿದು ಬಾಟಲಿ ಕೆಳಗಿಟ್ಟಳು. ಹಿತ್ತಲಲ್ಲಿ ನೀರಿನ ಪೈಪಿನ ಸದ್ದು ಕೇಳುತ್ತಿತ್ತು.

“ಅವಳ ಇಂದೆ ತುಳಿತಾ ಇದ್ರೆ ನನ್ ಕಾಲಲ್ಲಿ ಎಷ್ಟು ಶಕ್ತಿ ಅದೆ ಅಂತ ಗೊತ್ತಾಯ್ತದೆ ಅತ್ತಿಗೆ. ನಿನ್ ಜೊತೆ ಬಂದ್ರೆ ಗೊತ್ತಾಗಾಕಿಲ್ಲ.”

ಇದರಲ್ಲಿ ಒಂದು ಪದದ ಬಗ್ಗೆಯೂ ನನಗೆ ಅನುಮಾನವಿಲ್ಲ. ಬೇರೆಲ್ಲವನ್ನೂ ನಾನು ಕೂಡಿಸಿರಬಹುದು, ಕಳೆದಿರಬಹುದು. ಈ ಮಾತನ್ನು ಇಷ್ಟು ಸರಿಯಾಗಿ ಕಟ್ಟಲು ನನ್ನಿಂದ ಆಗುತ್ತಿರಲಿಲ್ಲ. ಅದರಲ್ಲಿ ನನ್ನ ಮೇಲೆ ಬೇಸರವಿರಲಿಲ್ಲ. ಇದ್ದಿದ್ದರೆ ಜಗಳ ಮಾಡಬಹುದಿತ್ತು. ಅವಳು ಈ ಐದಾರು ವರ್ಷ ನನ್ನ ಪಕ್ಕದಲ್ಲಿ ತುಳಿದದ್ದೆಲ್ಲ ತನ್ನ ಕಾಲನ್ನು ಹಿಡಿದಿಟ್ಟುಕೊಂಡು ತುಳಿದದ್ದು ಎಂದು ನನಗೆ ಆಗ ಹೊಳೆಯಿತೋ, ಈಗ ಬರೆಯುವಾಗ ಹೊಳೆಯಿತೋ ಗೊತ್ತಿಲ್ಲ. ಆಗ ನಾನು ಕೈ ಚಾಚಿ ಎಣ್ಣೆ ಬಾಟಲಿ ಕೇಳಿದೆ. ಕೊಟ್ಟಳು. ನನ್ನ ಕಾಲಿಗೆ ನಾನೇ ಹಚ್ಚಿಕೊಂಡೆ. ಅವಳು ಹಚ್ಚುತ್ತೇನೆ ಎಂದಳು, ಬೇಡ ಎಂದೆ. ಚನ್ನರಾಯಪಟ್ಟಣದವಳು ಒದ್ದೆ ಕಾಲಲ್ಲಿ ಒಳಗೆ ಬಂದು, ನಮ್ಮಿಬ್ಬರನ್ನೂ ನೋಡಿ, ದೀಪ ಆರಿಸಲೇ ಎಂದು ಮೆಲ್ಲಗೆ ಕೇಳಿದಳು.

ಬೆಳಿಗ್ಗೆ ಸಾರ್ ಅಂಗಳದಲ್ಲಿ ಟೈರುಗಳಿಗೆ ಗಾಳಿ ಹಾಕುತ್ತಿದ್ದರು. ಹೋಗಿ ಹೇಳಿದೆ: ನಾದಿನಿಯ ಜೋಡಿ ಚನ್ನರಾಯಪಟ್ಟಣದವಳು, ನಾನು ಈ ಸಲ ಇಲ್ಲ. ಯಾಕೆ ಎಂದು ಅವರು ಕೇಳಬಹುದು ಎಂದುಕೊಂಡಿದ್ದೆ. ಒಂದು ಸಲ, ಬಾಯುಪಚಾರಕ್ಕಾದರೂ, ಇನ್ನೊಮ್ಮೆ ಯೋಚನೆ ಮಾಡಿ ಮೇಡಂ ಎನ್ನಬಹುದು ಎಂದುಕೊಂಡಿದ್ದೆ. ಅದಕ್ಕೆ ಉತ್ತರವನ್ನೂ ಮಾಡಿಟ್ಟುಕೊಂಡಿದ್ದೆ. ಅವರು ಪಂಪನ್ನು ಕೆಳಗಿಟ್ಟು, “ನೀವೇ ಹೇಳಿದ್ದು ಒಳ್ಳೇದಾಯ್ತು ಮೇಡಂ,” ಎಂದರು. ಮುಖದಲ್ಲಿ ಭಾರ ಇಳಿದದ್ದನ್ನು ಮುಚ್ಚಿಕೊಳ್ಳಲು ಆಗಲಿಲ್ಲ ಅವರಿಗೆ. ಪಿಕಪ್ ಗಾಡಿಯಲ್ಲಿ ಜೊತೆಗೆ ಬನ್ನಿ, ನೀರು ಬಾಳೆಹಣ್ಣು ಕೊಡಲು ಒಬ್ಬರು ಬೇಕು ಎಂದು ಕರೆದರು. ಇವತ್ತು ಬೇಡ, ಮಲಗುತ್ತೇನೆ ಎಂದೆ.

ಮನೆಯಲ್ಲಿ ಏನು ಹೇಳುವುದು ಎಂದು ಉಪ್ಪಿಟ್ಟಿನ ಮುಂದೆ ಕೂತು ನಾದಿನಿ ಕೇಳಿದಳು. ಅತ್ತಿಗೆಗೆ ಮಂಡಿ ಹಿಡಿದುಕೊಂಡಿತು ಎಂದು ಹೇಳೋಣ ಎಂದು ತಾನೇ ಅಂದಳು. ಒಪ್ಪಿದೆ. ಯಾವ ಮಂಡಿ ಎಂದು ಕೇಳಿದರೆ? ಎಡಗಡೆದು ಎಂದಳು. ಈಗಲೂ ನೆಂಟರು ವಿಚಾರಿಸುತ್ತಾರೆ, ನಾನು ಎಡಗಡೆದು ಎನ್ನುತ್ತೇನೆ. ಹೇಳಿ ಹೇಳಿ ಮೆಟ್ಟಿಲು ಇಳಿಯುವಾಗ ಆ ಕಡೆ ಏನೋ ಹಿಡಿದಂತಾಗುತ್ತದೆ. ಮೊದಲೇ ಇತ್ತೋ ಏನೋ. ಹಾಗಿದ್ದರೆ ನಾವು ಹೇಳಿದ್ದು ಸುಳ್ಳೂ ಅಲ್ಲ.

ನಾದಿನಿ ತಟ್ಟೆ ಹಿಡಿದು ಎದ್ದಳು. ನನ್ನ ತಟ್ಟೆಗೂ ಕೈ ಹಾಕಿದಳು. ಇನ್ನೂ ತಿನ್ನುತ್ತಿದ್ದೇನೆ ಎಂದೆ. ಅವಳು ಹೋಗಿ ಚನ್ನರಾಯಪಟ್ಟಣದವಳ ಪಕ್ಕದಲ್ಲಿ ನಿಂತಳು. ಇಬ್ಬರೂ ಒಬ್ಬರ ಟೈರನ್ನು ಒಬ್ಬರು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾ ಮಾತಿಗೆ ತೊಡಗಿದರು, ಮೊದಲು ಮೆಲ್ಲಗೆ, ಆಮೇಲೆ ಮೆಲ್ಲಗೆ ಮಾತಾಡಬೇಕೆಂಬುದನ್ನು ಮರೆತು. ಬಿಡುಗಡೆಯಾಯಿತು ಎಂದು ಇಲ್ಲಿ ಬರೆಯಬಹುದು, ಎದೆ ಒಡೆಯಿತು ಎಂದೂ ಬರೆಯಬಹುದು. ಎರಡಕ್ಕೂ ಬೇಕಾದ ತ್ರಾಣ ನನ್ನಲ್ಲಿರಲಿಲ್ಲ. ಟೀ ಇನ್ನೊಂದು ಲೋಟ ಹಾಕಿಸಿಕೊಂಡು ಕುಡಿದೆ. ಕಂಬ ಹಿಡಿದು ಎದ್ದು ಕೊಠಡಿಗೆ ಹೋಗಿ, ಇನ್ನೂ ಬೆಚ್ಚಗಿದ್ದ ಹಾಸಿಗೆಯಲ್ಲಿ ಬಿದ್ದುಕೊಂಡೆ. ಅವರು ಎಷ್ಟು ಹೊತ್ತಿಗೆ ಹೊರಟರೋ ನನಗೆ ಎಚ್ಚರವಿರಲಿಲ್ಲ.